ಊಟ ಆಯ್ತಾ ಎಂದು ಕೇಳುವ ದೇಶಗಳು

ಹೋದ ತಿಂಗಳು ಇದೇ ಅಂಕಣದಲ್ಲಿ ಇಥಿಯೋಪಿಯಾದ ರಾಜಧಾನಿ ಆಡಿಸ್ ಅಬಾಬಾದ ನನ್ನ ನೆರೆಮನೆಯಾಕೆಯ ಕಾಫಿ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಎಲ್ಲವೂ ಸುತ್ತಿಬಳಸಿ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತವೆ: ಒಂದು ದೇಶದ ಊಟ, ಕಾಫಿ ಇನ್ನೊಂದು ದೇಶದ ಜನರ ಮನಸ್ಸು ಗೆಲ್ಲಬಲ್ಲವೇ? ಅದಕ್ಕೇ ಈ ಸಲ ಉಪ್ಪಿನಕಾಯಿ, ಹಪ್ಪಳದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟಿದ್ದೇನೆ.

ಹೊಸದಾಗಿ ಓದುವವರಿಗೆ ಒಂದು ಮಾತು. ನಮ್ಮ ಯಜಮಾನರು ಹೊರದೇಶಗಳ ನಮ್ಮ ರಾಯಭಾರ ಕಚೇರಿಗಳಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದರು. 2001ರಿಂದ 2004ರವರೆಗೆ ಬ್ಯಾಂಕಾಕ್, 2005ರಿಂದ 2008ರವರೆಗೆ ಆಡಿಸ್ ಅಬಾಬಾ, 2009ರಿಂದ 2012ರವರೆಗೆ ದಕ್ಷಿಣ ಕೊರಿಯಾದ ಸೋಲ್. ನಾನು ಚನ್ನರಾಯಪಟ್ಟಣದ ಕಡೆಯ ಹಳ್ಳಿಯವಳು. ಹೋದಲ್ಲೆಲ್ಲ ಮುದ್ದೆ ಕೋಲು ಜೊತೆಗಿತ್ತು. ಈಗ ಹಾಸನದಲ್ಲಿದ್ದೇವೆ.

ಅಕ್ಕ, ನಾನು ಪತ್ರಿಕೋದ್ಯಮ ಓದುತ್ತಿದ್ದೇನೆ. ಸರ್ಕಾರಗಳೇ ಯೋಜನೆ ಹಾಕಿ ತಮ್ಮ ಅಡುಗೆಯನ್ನು ಹೊರದೇಶಕ್ಕೆ ಕಳಿಸುತ್ತವೆ ಎಂದು ತರಗತಿಯಲ್ಲಿ ಹೇಳಿದರು. ಇದು ನಿಜವೇ? ನೀವು ಕಣ್ಣಾರೆ ಕಂಡಿದ್ದೀರಾ?
– ವಿದ್ಯಾರ್ಥಿನಿ, ಶಿವಮೊಗ್ಗ

ನಿಜ ತಂಗಿ. ನಾನು ಬ್ಯಾಂಕಾಕ್‌ನಲ್ಲಿದ್ದಾಗಲೇ ಅದು ಶುರುವಾಗಿದ್ದು. 2002ರಲ್ಲಿ ಥಾಯ್ ಸರ್ಕಾರ 'ಗ್ಲೋಬಲ್ ಥಾಯ್' ಎಂಬ ಯೋಜನೆ ತಂದಿತು. ಆಗ ಜಗತ್ತಿನಲ್ಲಿ ಸುಮಾರು 5,500 ಥಾಯ್ ಹೋಟೆಲುಗಳಿದ್ದವು. ಅದನ್ನು 8,000ಕ್ಕೆ ಏರಿಸಬೇಕು ಎಂಬುದು ಗುರಿ. ಆ ಗುರಿ ದಾಟಿ ಈಗ ಬಹಳ ಕಾಲವಾಯಿತು.

ಸುಮ್ನೆ ಭಾಷಣ ಮಾಡಿ ಬಿಟ್ಟಿದ್ದರೆ ಆಗುತ್ತಿರಲಿಲ್ಲ. ಹೊರದೇಶದಲ್ಲಿ ಹೋಟೆಲು ಇಡುತ್ತೇನೆ ಎನ್ನುವವರಿಗೆ ಸಾಲ ಸಿಗುವಂತೆ ಮಾಡಿದರು. ಅಡುಗೆಯವರಿಗೆ ತರಬೇತಿ ಕೊಟ್ಟರು. ಹೋಟೆಲು ಹೇಗಿರಬೇಕು ಎಂದು ಮೂರು ಮಾದರಿಗಳನ್ನೂ ಮಾಡಿದರು. ಬೇಗ ತಿಂದು ಹೋಗುವ ಜಾಗಕ್ಕೆ 'ಎಲಿಫೆಂಟ್ ಜಂಪ್', ಮಧ್ಯಮ ದರದ್ದಕ್ಕೆ 'ಕೂಲ್ ಬೇಸಿಲ್', ದುಬಾರಿಯದಕ್ಕೆ 'ಗೋಲ್ಡನ್ ಲೀಫ್'. ಅಡುಗೆ ನಿಜವಾಗಿ ಥಾಯ್ ರೀತಿಯಲ್ಲೇ ಇದ್ದರೆ 'ಥಾಯ್ ಸೆಲೆಕ್ಟ್' ಎಂಬ ಗುರುತು ಕೊಡುವ ಪದ್ಧತಿಯೂ ಬಂತು. ನ್ಯೂಜಿಲೆಂಡ್ ಜೊತೆ ವ್ಯಾಪಾರ ಒಪ್ಪಂದ ಮಾಡಿಕೊಂಡಾಗ ಥಾಯ್ ಅಡುಗೆಯವರು ಅಲ್ಲಿಗೆ ಹೋಗಿ ಕೆಲಸ ಮಾಡಲು ಬೇರೆಯದೇ ವೀಸಾ ವ್ಯವಸ್ಥೆಯಾಯಿತು. ಒಬ್ಬ ಬಾಣಸಿಗನಿಗಾಗಿ ಎರಡು ಸರ್ಕಾರಗಳು ಕೂತು ಮಾತಾಡಿದವು. ನನಗೆ ಬಹಳ ಹಿಡಿಸಿದ ಸಂಗತಿ ಇದು.

ಲಾಭ ಎಲ್ಲಿಂದ ಬರುತ್ತದೆ ಎಂದು ನೀನು ಕೇಳಬಹುದು. ಒಂದು ಥಾಯ್ ಹೋಟೆಲು ನಡೆಯಬೇಕಾದರೆ ಮಲ್ಲಿಗೆ ಅಕ್ಕಿ ಬೇಕು, ಮೀನಿನ ಸಾಸ್ ಬೇಕು, ಮಜ್ಜಿಗೆ ಹುಲ್ಲು ಬೇಕು, ಅವರ ಒಣಮೆಣಸಿನಕಾಯಿಯೇ ಬೇಕು. ಇದರಲ್ಲಿ ಬಹುಪಾಲು ಅವರ ಹೊಲದಿಂದಲೇ ಹಡಗು ಹತ್ತುತ್ತದೆ. ಊಟ ಇಷ್ಟಪಟ್ಟವನು ಮುಂದೊಂದು ದಿನ ಬ್ಯಾಂಕಾಕ್ ನೋಡಲು ಟಿಕೆಟ್ ತೆಗೆಯುತ್ತಾನೆ. ದೂರದ ಊರಿನ ಒಂದು ಹೋಟೆಲಿನಿಂದ ಅಲ್ಲಿಯ ರೈತನಿಗೂ ನಾಲ್ಕು ಕಾಸು ಬರುತ್ತದೆ.

ಇನ್ನೊಂದು ಸಂಗತಿ ಗೊತ್ತಿರಲಿ. ಎಲ್ಲರೂ ಥಾಯ್ ಊಟ ಎಂದರೆ 'ಪಾಡ್ ಥಾಯ್' ಎನ್ನುತ್ತಾರಲ್ಲ, ಆ ಹುರಿದ ಅಕ್ಕಿ ಶ್ಯಾವಿಗೆ ಅಜ್ಜಿ ಕಾಲದ ಅಡುಗೆಯೇನಲ್ಲ. ಸಯಾಮ್ ಎಂಬ ಹೆಸರು 1939ರಲ್ಲಿ ಥಾಯ್ಲೆಂಡ್ ಆಯಿತು. ಆಗ ಪ್ರಧಾನಿಯಾಗಿದ್ದ ಫಿಬುನ್ ಸೊಂಗ್‌ಖ್ರಾಮ್ ಜನರಲ್ಲಿ ನಾವೆಲ್ಲ ಒಂದು ದೇಶದವರು ಎಂಬ ಭಾವನೆ ತರಲು ಈ ತಿಂಡಿಯನ್ನು ಮುಂದೆ ತಂದರು. ಮೊದಲು ತಮ್ಮ ಜನಕ್ಕೇ ಅದನ್ನು ಪರಿಚಯಿಸಿದರು. ಜಗತ್ತಿಗೆ ಹೊರಟಿದ್ದು ಆಮೇಲೆ.

ಆದರೆ ಯೋಜನೆಯ ಕಾಗದಗಳಲ್ಲಿ ಇಲ್ಲದ್ದೊಂದು ಇದೆ. ನಮ್ಮ ಗಲ್ಲಿಯ ತುದಿಯಲ್ಲಿ ಗಾಡಿ ಇಟ್ಟುಕೊಂಡ ಒಬ್ಬ ಹೆಂಗಸು ಇದ್ದರು. ನಾನು ಆ ದಾರಿಯಲ್ಲಿ ಹೋದಾಗಲೆಲ್ಲ "ಕಿನ್ ಖಾವ್ ರೆ ಯಂಗ್?" ಎನ್ನುತ್ತಿದ್ದರು. ಮೂರನೇ ದಿನ ಅರ್ಥ ಕೇಳಿ ತಿಳಿದುಕೊಂಡೆ. ಅನ್ನ ತಿಂದ್ರಾ, ಇನ್ನೂ ಇಲ್ವಾ ಎಂದು. ನಮ್ಮೂರಿನ 'ಊಟ ಆಯ್ತಾ' ಅದು! ಗಂಟಲು ಕಟ್ಟಿತು. ಆ ಊರಿಗೆ ಬಂದು ಮೂರು ವಾರ ಆಗಿತ್ತು, ಯಾರೂ ಹಾಗೆ ಕೇಳಿರಲಿಲ್ಲ. ಥಾಯ್ ಊಟ ಜಗತ್ತಿಗೆಲ್ಲ ಹಿಡಿಸಲು ಸರ್ಕಾರದ ಸಾಲ ಎಷ್ಟು ಕಾರಣವೋ, ಹೀಗೆ ಕೇಳುವ ಜನ ಆ ಹೋಟೆಲುಗಳ ಒಳಗಿರುವುದೂ ಅಷ್ಟೇ ಕಾರಣ ಅಂತ ನನಗೆ ಅನಿಸುತ್ತದೆ.

ನಮ್ಮದು ಹನ್ನೆರಡು ಎಕರೆ ಕಾಫಿ ತೋಟ. ನಿಮ್ಮ ಲೇಖನದಲ್ಲಿ ಇಥಿಯೋಪಿಯಾದವರು ಅತಿಥಿಗೆ ಕಾಫಿ ಕೊಡುವ ರೀತಿ ಓದಿ ಬೆರಗಾದೆ. ಅದನ್ನು ಇನ್ನಷ್ಟು ವಿವರವಾಗಿ ಬರೆಯಿರಿ. ನಮ್ಮ ಕಾಫಿಗೆ ಅಂಥ ಹೆಸರು ಯಾಕಿಲ್ಲ ಅಮ್ಮ?
– ಬೆಳೆಗಾರರು, ಸಕಲೇಶಪುರ

ನನ್ನ ತಂಗಿಯನ್ನು ಕೊಟ್ಟಿರುವುದು ನಿಮ್ಮ ಸಕಲೇಶಪುರಕ್ಕೇ. ಹಾಗಾಗಿ ಈ ಪ್ರಶ್ನೆ ನನಗೆ ಮನೆಯ ಪ್ರಶ್ನೆ.

ಮೊದಲು ಅವರ ರೀತಿ ಹೇಳುತ್ತೇನೆ. ನೆರೆಮನೆಯಾಕೆ "ಬುನ ತೆಟು" ಎಂದು ಕರೆಯುತ್ತಿದ್ದಳು. ಕಾಫಿ ಕುಡಿಯಲು ಬಾ ಎಂದು ಅರ್ಥ. ಐದು ನಿಮಿಷದ ಕೆಲಸವಲ್ಲ ಅದು. ನೆಲಕ್ಕೆ ಹಸಿರು ಹುಲ್ಲು ಹರಡುತ್ತಾಳೆ. ಧೂಪ ಹಾಕುತ್ತಾಳೆ. ಹಸಿ ಕಾಫಿ ಬೀಜ ತೊಳೆದು, ಇದ್ದಿಲಿನ ಒಲೆಯ ಮೇಲೆ ಬಾಣಲೆಯಲ್ಲಿ ಎದುರಿಗೇ ಹುರಿಯುತ್ತಾಳೆ. ಬೀಜ ಸಿಡಿಯತೊಡಗಿ ಹೊಗೆ ಎದ್ದಾಗ ಆ ಬಾಣಲೆಯನ್ನು ಎತ್ತಿಕೊಂಡು ಒಬ್ಬೊಬ್ಬರ ಮುಂದೂ ಹಿಡಿಯುತ್ತಾಳೆ. ಕೈಯಿಂದ ಹೊಗೆಯನ್ನು ನಮ್ಮ ಕಡೆಗೆ ಎಳೆದುಕೊಳ್ಳಬೇಕು, ಮಂಗಳಾರತಿ ತೆಗೆದುಕೊಳ್ಳುವ ಹಾಗೆ. ಆಮೇಲೆ ಮರದ ಒರಳಿನಲ್ಲಿ ಹಾಕಿ ಕುಟ್ಟುತ್ತಾಳೆ. ಉದ್ದ ಕತ್ತಿನ ಮಣ್ಣಿನ ಹೂಜಿಗೆ ಹಾಕಿ ಕುದಿಸುತ್ತಾಳೆ. ಆ ಹೂಜಿಗೆ ಜೆಬೆನ ಎನ್ನುತ್ತಾರೆ. ಕಿವಿ ಇಲ್ಲದ ಸಣ್ಣ ಬಟ್ಟಲುಗಳಿಗೆ ಎತ್ತರದಿಂದ ಧಾರೆಯಾಗಿ ಸುರಿಯುತ್ತಾಳೆ. ಜೊತೆಗೆ ಹುರಿದ ಜೋಳದ ಅರಳು.

ಒಂದು ಬಟ್ಟಲು ಕುಡಿದು ಎದ್ದರೆ ಆಗದು. ಮೂರು ಸುತ್ತು. ಮೊದಲನೆಯದು ಅಬೊಲ್, ಎರಡನೆಯದು ತೊನ, ಮೂರನೆಯದು ಬರಕ. ಬರಕ ಎಂದರೆ ಆಶೀರ್ವಾದ. ಅದೇ ಪುಡಿಗೆ ಮತ್ತೆ ನೀರು ಹಾಕಿ ಕುದಿಸುವುದರಿಂದ ಸುತ್ತು ಸುತ್ತಿಗೂ ಕಾಫಿ ತೆಳ್ಳಗಾಗುತ್ತದೆ. ಮಾತು ಮಾತ್ರ ಗಟ್ಟಿಯಾಗುತ್ತದೆ. ಆಕೆಯ ತಮ್ಮ ಯುದ್ಧದಲ್ಲಿ ತೀರಿಹೋದ ಕತೆಯನ್ನು ನನಗೆ ಹೇಳಿದ್ದು ಮೂರನೇ ಸುತ್ತಿನಲ್ಲಿ. ನನ್ನ ಅಮ್ಮ ಹೋದ ಸುದ್ದಿ ಊರಿಂದ ಬಂದ ದಿನ ಆಕೆ ಬಂದು ಹುಲ್ಲು ಹಾಸಿದ್ದು ನಮ್ಮ ಮನೆಯ ನೆಲಕ್ಕೆ. ಇಥಿಯೋಪಿಯಾ ಎಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಆ ಹೊಗೆಯ ವಾಸನೆ. ಅವರ ಸರ್ಕಾರ ಎಷ್ಟು ಕೋಟಿ ಖರ್ಚು ಮಾಡಿದ್ದರೂ ನನ್ನಲ್ಲಿ ಆ ಪ್ರೀತಿ ಹುಟ್ಟಿಸಲು ಆಗುತ್ತಿರಲಿಲ್ಲ.

ಈಗ ನಮ್ಮ ವಿಷಯ. ಅರಬಿಕಾ ಕಾಫಿಯ ತವರು ಇಥಿಯೋಪಿಯಾ. ಅಲ್ಲಿಂದ ಅದು ಕೆಂಪು ಸಮುದ್ರ ದಾಟಿ ಯೆಮೆನ್‌ಗೆ ಹೋಯಿತು. ಯೆಮೆನ್‌ನ ಮೋಖಾದಿಂದ ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಚಂದ್ರಗಿರಿಯಲ್ಲಿ ಬಿತ್ತಿದರು ಎಂಬ ಕತೆ ನಮಗೆಲ್ಲ ಗೊತ್ತು. ನಾನು ಅದನ್ನು ಆಕೆಗೆ ಹೇಳಿದೆ. ಆಕೆ ಎದ್ದು ಬಂದು ನನ್ನ ಕೆನ್ನೆಗೆ ಮುತ್ತಿಟ್ಟು, "ಹಾಗಾದರೆ ನಿನ್ನ ತಂಗಿಯ ಮನೆಯಲ್ಲಿ ನಮ್ಮ ಮಗಳಿದ್ದಾಳೆ" ಎಂದಳು.

ನಮ್ಮ ಕಾಫಿಗೆ ಹೆಸರು ಯಾಕಿಲ್ಲ ಎಂದರೆ ನಾವು ಅದನ್ನು ಹೆಸರಿಲ್ಲದೆ ಕಳಿಸುತ್ತೇವೆ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಬೆಳೆಯುವುದು ಕರ್ನಾಟಕದಲ್ಲಿ. ಬೆಳೆದದ್ದರಲ್ಲಿ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ. ಎಲ್ಲರಿಗಿಂತ ಜಾಸ್ತಿ ಕೊಳ್ಳುವುದು ಇಟಲಿ. ಅಲ್ಲಿ ಅದು ಬೇರೆ ದೇಶಗಳ ಬೀಜದ ಜೊತೆ ಬೆರೆತು ಎಸ್ಪ್ರೆಸೊ ಆಗುತ್ತದೆ. ಅದರ ಮೇಲಿನ ದಪ್ಪ ನೊರೆಗೆ ನಮ್ಮ ರೊಬಸ್ಟಾ ಜಾತಿಯ ಬೀಜ ಬಹಳ ಚೆನ್ನಾಗಿ ಹೊಂದುತ್ತದೆ. ಕುಡಿದವರು ಇಟಲಿಯ ಕಾಫಿ ಚೆನ್ನಾಗಿದೆ ಎನ್ನುತ್ತಾರೆ. ಚಿಕ್ಕಮಗಳೂರಿನ ಹೆಸರು ಆ ಬಟ್ಟಲಿನ ಹತ್ತಿರ ಎಲ್ಲೂ ಇರುವುದಿಲ್ಲ.

ಇಥಿಯೋಪಿಯಾದವರು ಈ ಹೆಸರಿಗಾಗಿ ಹೋರಾಡಿದರು. ನಾವು ಅಲ್ಲಿದ್ದಾಗಲೇ, 2005ರಲ್ಲಿ, ಸಿದಾಮೊ, ಹರಾರ್, ಯಿರ್ಗಾಚೆಫೆ ಎಂಬ ತಮ್ಮ ಊರು-ಸೀಮೆಗಳ ಹೆಸರನ್ನು ಅಮೆರಿಕದಲ್ಲಿ ನೋಂದಾಯಿಸಲು ಅರ್ಜಿ ಹಾಕಿದರು. ಅಲ್ಲಿಯ ದೊಡ್ಡ ಕಾಫಿ ಕಂಪನಿ ಸ್ಟಾರ್‌ಬಕ್ಸ್ ಜೊತೆ ದೊಡ್ಡ ಜಟಾಪಟಿ ನಡೆದು, 2007ರಲ್ಲಿ ಒಪ್ಪಂದವಾಯಿತು. ತರಕಾರಿ ಮಾರುವವರೂ ಅದರ ಬಗ್ಗೆ ಮಾತಾಡುತ್ತಿದ್ದರು. ಯಾಕೆಂದರೆ ಅಲ್ಲಿ ಬೆಳೆದ ಕಾಫಿಯಲ್ಲಿ ಹೆಚ್ಚುಕಮ್ಮಿ ಅರ್ಧವನ್ನು ಅವರೇ ಕುಡಿಯುತ್ತಾರೆ. ಮಾರುವುದರ ಜೊತೆಗೆ ಬದುಕುವುದೂ ಅದರಲ್ಲೇ.

ನಮ್ಮಲ್ಲೂ ಏನೂ ಆಗಿಲ್ಲ ಎಂದಲ್ಲ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರಬಿಕಾಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಕಾಫಿ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು, ಏಷ್ಯಾದಲ್ಲಿ ಅದೇ ಮೊದಲು. ಅದೇ ತಿಂಗಳು ದೆಹಲಿಯ ಜಿ20 ಔತಣದ ಪಟ್ಟಿಯಲ್ಲಿ ಕಾಶ್ಮೀರಿ ಕಾವಾ, ಡಾರ್ಜಿಲಿಂಗ್ ಚಹಾದ ಪಕ್ಕದಲ್ಲಿ ಫಿಲ್ಟರ್ ಕಾಫಿಯೂ ಇತ್ತು. ಅದನ್ನು ಓದಿ ತಂಗಿಗೆ ಫೋನ್ ಮಾಡಿದೆ. ಇಬ್ಬರಿಗೂ ಖುಷಿಯಾಯಿತು. ಆದರೆ ಕಾಶ್ಮೀರ ಮತ್ತು ಡಾರ್ಜಿಲಿಂಗ್ ಎಂಬ ಊರ ಹೆಸರುಗಳ ಪಕ್ಕದಲ್ಲಿ ನಮ್ಮದಕ್ಕೆ ಊರೇ ಇರಲಿಲ್ಲ. ನಿಮ್ಮ ತೋಟದ ಮನೆಗೆ ಹೊರದೇಶದವರು ಉಳಿಯಲು ಬರುತ್ತಾರಲ್ಲ, ಅವರಿಗೆ ಕೋಣೆಗೇ ಕಾಫಿ ಕಳಿಸಬೇಡಿ. ಅಡುಗೆಮನೆಗೆ ಕರೆದು ಕೂರಿಸಿ. ಬೀಜ ಹುರಿಯುವುದು, ಪುಡಿ ಮಾಡುವುದು, ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುವುದು, ಎಲ್ಲ ಕಾಣಲಿ. ಆ ಇಪ್ಪತ್ತು ನಿಮಿಷ ನಿಮ್ಮ ಊರಿನ ಹೆಸರು ಹೇಳಿ.

ವಿದೇಶದವರಿಗೆ ಮುದ್ದೆ ಬಡಿಸಿದ್ದೀರಾ? ಉಂಡರಾ?
– ಒಬ್ಬ ಓದುಗರು, ತಿಪಟೂರು

ಬಡಿಸಿದ್ದೇನೆ. ಬ್ಯಾಂಕಾಕ್‌ನಲ್ಲಿ ಮನೆಗೆ ಬಂದ ನಾಲ್ಕು ಜನ ಅಗಿದು ಅಗಿದು ಸೋತರು. ಅಗಿಯಬಾರದು, ಸಾರಿನಲ್ಲಿ ಹೊರಳಿಸಿ ನುಂಗಬೇಕು ಎಂದು ಮೊದಲೇ ಹೇಳಿಕೊಡದಿದ್ದದ್ದು ನನ್ನ ತಪ್ಪು. ಅವರು ಮರ್ಯಾದೆಗೆ ತಟ್ಟೆ ಖಾಲಿ ಮಾಡಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಡಿಸ್ ಅಬಾಬಾದಲ್ಲಿ ಬೇರೆಯೇ ಆಯಿತು. ನೆರೆಮನೆಯಾಕೆ ತಟ್ಟೆ ನೋಡಿದ್ದೇ "ಗೆನ್ಫೊ!" ಎಂದಳು. ಅವರಲ್ಲೂ ಹಿಟ್ಟು ಕುದಿಸಿ ತಿರುವಿ ಮುದ್ದೆ ಮಾಡುತ್ತಾರೆ. ನಡುವೆ ಗುಳಿ ತೋಡಿ ಮಸಾಲೆ ಬೆಣ್ಣೆ, ಮೆಣಸಿನ ಪುಡಿ ಹಾಕುತ್ತಾರೆ. ಬಾಣಂತಿಗೆ ಮೊದಲು ಕೊಡುವುದು ಅದನ್ನೇ. ರಾಗಿಗೆ ಅವರು ದಾಗುಸ್ಸ ಎನ್ನುತ್ತಾರೆ. ಅವರ ಇಂಜೆರ ನಮ್ಮ ದೋಸೆಯ ದೊಡ್ಡಕ್ಕ. ಟೆಫ್ ಎಂಬ ಸಣ್ಣ ಕಾಳಿನ ಹಿಟ್ಟು ಹುಳಿ ಬರಿಸಿ ಒಂದೇ ಮಗ್ಗುಲು ಬೇಯಿಸುತ್ತಾರೆ. ಬುಧವಾರ, ಶುಕ್ರವಾರ ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸ. ಆ ದಿನಗಳಲ್ಲಿ ಮಾಂಸ, ಹಾಲು, ಬೆಣ್ಣೆ ಮುಟ್ಟುವುದಿಲ್ಲ. ಬೇಳೆ, ಸೊಪ್ಪು, ಕಡಲೆಹಿಟ್ಟಿನ ಗೊಜ್ಜು, ಅಷ್ಟೇ. ಊರಿಂದ ಬಂದ ಸಸ್ಯಾಹಾರಿ ನೆಂಟರನ್ನೆಲ್ಲ ನಾನು ಅಲ್ಲಿಯ ಹೋಟೆಲಿಗೆ ಕರೆದೊಯ್ಯುತ್ತಿದ್ದದ್ದು ಶುಕ್ರವಾರವೇ.

ಆಕೆ ನಮ್ಮ ಉಪ್ಸಾರಿನಲ್ಲಿ ಅದ್ದಿದ ಮುದ್ದೆಯ ತುತ್ತನ್ನು ಮೊದಲು ತಾನು ತಿನ್ನಲಿಲ್ಲ. ನನ್ನ ಬಾಯಿಗಿಟ್ಟಳು. ಗುರ್ಶ ಎನ್ನುತ್ತಾರೆ ಅದಕ್ಕೆ. ಪ್ರೀತಿ ಇದ್ದವರಿಗೆ ಕೈತುತ್ತು ಕೊಡುವುದು.

ಕೊರಿಯಾದವರ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿ ಈಗ ಬೆಂಗಳೂರಿನ ಅಂಗಡಿಗಳಲ್ಲೂ ಸಿಗುತ್ತದೆ. ಅವರು ಗೆದ್ದದ್ದು ದುಡ್ಡಿನಿಂದಲೇ ಅಲ್ವಾ? ನಾವು ಅಷ್ಟು ದುಡ್ಡು ಸುರಿದರೆ ನಮ್ಮ ಉಪ್ಪಿನಕಾಯಿಯೂ ಹೋಗುತ್ತದೆ.
– ಹೋಟೆಲ್ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿ, ಬೆಂಗಳೂರು

ದುಡ್ಡು ಸುರಿದದ್ದು ಹೌದು ತಮ್ಮಾ. ನಾವು ಸೋಲ್‌ಗೆ ಹೋದ ವರ್ಷವೇ, 2009ರಲ್ಲಿ, ತಮ್ಮ ಅಡುಗೆಯನ್ನು ಜಗತ್ತಿನ ಮೊದಲ ಐದರೊಳಗೆ ತರಬೇಕು ಎಂದು ಸರ್ಕಾರ ದೊಡ್ಡ ಯೋಜನೆ ಹೂಡಿತು. ಅಧ್ಯಕ್ಷರ ಪತ್ನಿಯೇ ಮುಂದೆ ನಿಂತರು. ತೊಕ್ಪೊಕ್ಕಿ ಎಂಬ ಖಾರದ ಅಕ್ಕಿ ಕಡುಬಿಗೆ ಒಂದು ಸಂಶೋಧನಾ ಸಂಸ್ಥೆಯೇ ಬಂತು. ಅದಕ್ಕೂ ಮೊದಲು, 2008ರಲ್ಲಿ, ಅವರ ಮೊದಲ ಗಗನಯಾತ್ರಿ ಯಿ ಸೊ-ಯೊನ್ ಜೊತೆ ಕಿಮ್ಚಿ ಬಾಹ್ಯಾಕಾಶಕ್ಕೂ ಹೋಗಿ ಬಂದಿತ್ತು.

ಆದರೆ ದುಡ್ಡೇ ಗೆಲ್ಲಿಸಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಷ್ಟೊಂದು ಖರ್ಚಿನ ಬಗ್ಗೆ ಅವರ ದೇಶದಲ್ಲೇ ಟೀಕೆ ಬಂತು. ಜಗತ್ತಿನ ಹುಡುಗ ಹುಡುಗಿಯರು ಕೊರಿಯಾದ ಊಟಕ್ಕೆ ಬಂದದ್ದು ಅವರ ಹಾಡು, ಧಾರಾವಾಹಿ ನೋಡಿ. ಪರದೆಯ ಮೇಲೆ ತಮ್ಮಿಷ್ಟದ ನಟ ಬಿಸಿ ಬಿಸಿ ನೂಡಲ್ಸ್ ತಿನ್ನುವಾಗ ಇವರಿಗೂ ತಿನ್ನಬೇಕು ಅನಿಸಿತು.

ನಾನು ಕಲಿತದ್ದು ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ. ಚಳಿಗಾಲ ಶುರುವಾಗುವ ಮುಂಚೆ, ನವೆಂಬರ್ ಕೊನೆಯ ಹೊತ್ತಿಗೆ, ಹೆಂಗಸರೆಲ್ಲ ಸೇರಿ ಚಳಿಗಾಲಕ್ಕೆಲ್ಲ ಆಗುವಷ್ಟು ಕಿಮ್ಚಿ ಹಾಕುತ್ತಾರೆ. ಅದಕ್ಕೆ ಕಿಮ್ಜಾಂಗ್ ಎಂದು ಹೆಸರು. ರಾಶಿ ರಾಶಿ ಎಲೆಕೋಸು ಉಪ್ಪಿನಲ್ಲಿ ರಾತ್ರಿ ಪೂರ್ತಿ ನೆನೆಯುತ್ತದೆ. ಬೆಳಿಗ್ಗೆ ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ, ಉಪ್ಪು ಹಾಕಿ ಹುದುಗಿಸಿದ ಮೀನು ಬೆರೆಸಿದ ಖಾರವನ್ನು ಎಲೆ ಎಲೆಗೂ ಸವರುತ್ತಾರೆ. ನಾನು ಕೈಗವಸು ಹಾಕಿಕೊಂಡು ಸಾಲಿನಲ್ಲಿ ಕೂತೆ. ಮೀನು ತಿನ್ನದ ನೆಂಟರು ಮನೆಗೆ ಬರುತ್ತಾರೆ ಎಂದಾಗ, ಮೀನು ಹಾಕದ ಒಂದು ಡಬ್ಬಿ ಬೇರೆ ಮಾಡಿಕೊಟ್ಟರು. ಅವರ ಬೌದ್ಧ ಮಠಗಳಲ್ಲಿ ಮೀನೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲವಂತೆ. ಕೊನೆಗೆ ಎಲ್ಲರ ಮನೆಗೂ ಹಂಚಿಕೆ. ಒಬ್ಬೊಂಟಿ ಮುದುಕರ ಪಾಲು ಮೊದಲು ಎತ್ತಿಟ್ಟಿದ್ದರು.

2013ರಲ್ಲಿ ಯುನೆಸ್ಕೊ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಯಾವುದನ್ನು ಗೊತ್ತಾ? ಕಿಮ್ಚಿ ಎಂಬ ತಿನಿಸನ್ನಲ್ಲ. ಸೇರಿ ಮಾಡುವ, ಹಂಚಿಕೊಳ್ಳುವ ಈ ಕಿಮ್ಜಾಂಗ್ ಪದ್ಧತಿಯನ್ನು. 2010ರಲ್ಲಿ ಫ್ರಾನ್ಸಿನದು ಸೇರಿದಾಗಲೂ ಯಾವ ಒಂದು ಖಾದ್ಯವೂ ಅಲ್ಲ, ಹಬ್ಬ ಹುಣ್ಣಿಮೆಗೆ ಎಲ್ಲ ಕೂಡಿ ಕೂತು ಉಣ್ಣುವ ಅವರ ಕ್ರಮ ಸೇರಿತು.

ನಮ್ಮಲ್ಲಿ ಬೇಸಿಗೆಯಲ್ಲಿ ಮಹಡಿ ಮೇಲೆ ಸಂಡಿಗೆ ಇಡುವುದು, ಮಾವಿನ ಮಿಡಿ ಬಂದಾಗ ನಾಲ್ಕು ಮನೆಯವರು ಕೂತು ತೊಟ್ಟು ಬಿಡಿಸುವುದು ಇದೆಯಲ್ಲ? ಆ ಸಡಗರ ಉಳಿಸಿಕೊಂಡರೆ ಉಪ್ಪಿನಕಾಯಿ ಹೊರಗೆ ಹೋದಾಗ ಜೊತೆಗೆ ಹೇಳಲು ಒಂದು ಕತೆಯಾದರೂ ಇರುತ್ತದೆ. ಬರೀ ಬಾಟಲಿ ಹೋದರೆ ಅದು ಅಂಗಡಿಯ ಸಾಮಾನು. ಅಂದ ಹಾಗೆ, ಕೊರಿಯಾದವರೂ ಹಿಂದಿನಿಂದ "ಬಾಪ್ ಮೊಗೊಸ್ಸೊಯೊ" ಎಂದೇ ಮಾತು ಶುರು ಮಾಡುವವರು. ಅನ್ನ ಉಂಡಿರಾ ಎಂದು.

2023ನ್ನು ಸಿರಿಧಾನ್ಯ ವರ್ಷ ಎಂದು ಜಗತ್ತೆಲ್ಲ ಆಚರಿಸಿದರು. ನಾವು ರಾಗಿ ಬೆಳೆಯುವವರು. ದೊಡ್ಡ ದೊಡ್ಡವರ ತಟ್ಟೆಗೆ ಹೋದರೆ ನಮಗೇನು ಬಂತು?
– ರೈತರು, ಮಂಡ್ಯ ಜಿಲ್ಲೆ

ನಿಮ್ಮ ಪ್ರಶ್ನೆಯಲ್ಲಿ ನೋವಿದೆ. ಅದು ನ್ಯಾಯವಾದ ನೋವು ಅಣ್ಣ.

ಆ ವರ್ಷ ಬಂದದ್ದು ನಮ್ಮ ದೇಶದ ಪ್ರಯತ್ನದಿಂದಲೇ. ಭಾರತ ಮುಂದಿಟ್ಟ ಮಾತಿಗೆ 72 ದೇಶಗಳು ಬೆಂಬಲ ಕೊಟ್ಟು, 2021ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆ ಒಪ್ಪಿತು. 2023ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷರು ನಮ್ಮ ಪ್ರಧಾನಿಗೆ ಕೊಟ್ಟ ಔತಣದಲ್ಲಿ ಮೊದಲು ಬಡಿಸಿದ್ದೇ ಸಿರಿಧಾನ್ಯ ಮತ್ತು ಸುಟ್ಟ ಮುಸುಕಿನ ಜೋಳದ ಸಲಾಡ್. ಸೆಪ್ಟೆಂಬರ್‌ನ ಜಿ20 ಔತಣದಲ್ಲಿ ನವಣೆ, ಸಾಮೆ, ಊದಲು ಮೂರೂ ಇದ್ದವು. ನವಣೆಯ ಗರಿಗರಿ ಎಲೆ, ಊದಲಿನ ಪಾಯಸದಂಥ ಸಿಹಿ. ಬಡವರ ಕಾಳು ಎಂದು ಮೂಲೆಗೆ ತಳ್ಳಿದ್ದನ್ನು ಅಷ್ಟು ಎತ್ತರದ ಪಂಕ್ತಿಯಲ್ಲಿ ಬಡಿಸಿದ್ದು ಸಣ್ಣ ವಿಷಯವಲ್ಲ. ನನ್ನ ಅಜ್ಜಿ ನೆಂಟರು ಬಂದರೆ ಮುದ್ದೆ ಮುಚ್ಚಿಟ್ಟು ಅನ್ನ ಮಾಡುತ್ತಿದ್ದಳು. ಆ ನಾಚಿಕೆ ಹೋದರೆ ಅದೇ ದೊಡ್ಡದು.

ಆದರೆ ಔತಣ ಒಂದು ರಾತ್ರಿಯದು. ಥಾಯ್ಲೆಂಡ್ ಮಾಡಿದ್ದು ಒಂದು ರಾತ್ರಿಯ ಕೆಲಸವಲ್ಲ. ಸಾಲ, ತರಬೇತಿ, ವೀಸಾ, ಸಾಮಾನು ಸಾಗಣೆ, ವರ್ಷಗಟ್ಟಲೆ. ನಮ್ಮ ರಾಗಿ ಹೊರದೇಶದ ಅಡುಗೆಮನೆಗೆ ಹೋಗಬೇಕಾದರೆ ಅದನ್ನು ಬೇಯಿಸಲು ಬರುವ ಕೈ ಹೋಗಬೇಕು. ಮಂಡ್ಯದ, ತುಮಕೂರಿನ ಒಬ್ಬ ಹೆಣ್ಣುಮಗಳು ಅಲ್ಲಿ ನಿಂತು ಅಂಬಲಿ, ರೊಟ್ಟಿ, ಹುರಿಹಿಟ್ಟು ಮಾಡಿ ತೋರಿಸಬೇಕು. ಅವಳಿಗೆ ವೀಸಾ ಕೊಡಿಸಿ ಎಂದು ಕೇಳುವವರು ಬೇಕು. ಅವಳ ಹಿಂದೆ ನಿಮ್ಮ ಮೂಟೆ ಹೋಗುತ್ತದೆ. ಅಲ್ಲಿಯ ತನಕ ನಿಮಗೆ ಬಂದದ್ದು ಹೆಸರು ಮಾತ್ರ ಎಂಬುದನ್ನು ನಾನು ಒಪ್ಪಿಕೊಳ್ಳುತ್ತೇನೆ.

ನಿಮ್ಮ ಜಿಲ್ಲೆಯದೇ ಒಂದು ಹೆಮ್ಮೆ ಹೇಳಲೇಬೇಕು. ರಾಗಿ ನಮಗೆ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದ ಪೂರ್ವ ಭಾಗದಿಂದ ಬಂದದ್ದು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿದ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಹೊಸ ತಳಿಗಳನ್ನು ಮಾಡಿದರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ 'ಇಂಡಾಫ್'. ನಿಮ್ಮ ತಂದೆಯವರು ಬೆಳೆದಿರಬಹುದು, ಕೇಳಿ ನೋಡಿ. ಎರಡು ಖಂಡಗಳ ಸ್ನೇಹ ನಿಮ್ಮ ಹೊಲದಲ್ಲಿ ತೆನೆಯಾಗಿ ನಿಂತಿತ್ತು. ಆಡಿಸ್ ಅಬಾಬಾದಲ್ಲಿ ಈ ಸಂಗತಿ ಹೇಳಿದಾಗಲೆಲ್ಲ ಜನ ಕುರ್ಚಿ ಎಳೆದುಕೊಂಡು ಹತ್ತಿರ ಕೂರುತ್ತಿದ್ದರು.

ಊಟದಿಂದ ಸ್ನೇಹ ಎನ್ನುತ್ತೀರಿ. ಜಗಳವೂ ಆಗುತ್ತದಲ್ಲವೇ? ಮೈಸೂರು ಪಾಕ್ ಯಾರದು ಎಂದು ನಾವೇ ಕಿತ್ತಾಡುತ್ತೇವೆ.
– ಗೃಹಿಣಿ, ಶಾರ್ಜಾ

ಆಗುತ್ತದೆ. ಕಡಲೆ ಅರೆದು ಮಾಡುವ ಹುಮ್ಮುಸ್‌ಗಾಗಿ ಲೆಬನಾನ್ ಮತ್ತು ಇಸ್ರೇಲ್ ಜಿದ್ದಿಗೆ ಬಿದ್ದವು. 2010ರ ಮೇ ತಿಂಗಳಲ್ಲಿ ಲೆಬನಾನಿನವರು ಒಂದೇ ತಟ್ಟೆಯಲ್ಲಿ 10,452 ಕಿಲೋ ಹುಮ್ಮುಸ್ ಮಾಡಿ ದಾಖಲೆ ಬರೆದರು. ಅವರ ದೇಶದ ವಿಸ್ತಾರ 10,452 ಚದರ ಕಿಲೋಮೀಟರ್. ತಮ್ಮ ನೆಲದ ಅಳತೆಯನ್ನೇ ಅಡುಗೆಯಲ್ಲಿ ತೂಗಿದ್ದರು. ಅದನ್ನು ಓದಿದಾಗ ನನಗೆ ಅವರ ಮೇಲೆ ಮರುಕ ಬಂತು. ನೆಲ ಕಳೆದುಕೊಳ್ಳುವ ಭಯ ಇದ್ದವರಿಗೆ ತಟ್ಟೆಯೂ ನೆಲವೇ. ಹಾಗಾಗಿ ಇಂಥ ಜಗಳವನ್ನು ಹಗುರ ಮಾಡಬಾರದು.

ಇನ್ನೊಂದು ಬಗೆಯೂ ಇದೆ. 2001ರಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ರಾಬಿನ್ ಕುಕ್ ಚಿಕನ್ ಟಿಕ್ಕಾ ಮಸಾಲೆಯನ್ನು ತಮ್ಮ ದೇಶದ ರಾಷ್ಟ್ರೀಯ ಖಾದ್ಯ ಎಂದರು. ಅಲ್ಲಿಯ 'ಇಂಡಿಯನ್' ಹೋಟೆಲುಗಳಲ್ಲಿ ಬಹಳಷ್ಟನ್ನು ನಡೆಸುವವರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಅದು ಯಾರದು ಎಂದು ಕೇಳಿದರೆ ಬಡಿಸಿದವರದು, ಉಂಡವರದು, ಇಬ್ಬರದೂ. ಮೈಸೂರು ಪಾಕಿನ ಬಗ್ಗೆ ಮಾತ್ರ ನನ್ನ ನಿಲುವು ಹೆಸರಿನಲ್ಲೇ ಇದೆ!

ಅಕ್ಕ, ನಾವು ಫ್ರಾಂಕ್‌ಫರ್ಟ್‌ನಲ್ಲಿದ್ದೇವೆ. ನನ್ನ ಕಚೇರಿಯಲ್ಲಿ ಎಲ್ಲ ದೇಶದವರೂ ತಮ್ಮ ಊಟ ತರುವ ಒಂದು ದಿನ ಇಟ್ಟಿದ್ದಾರೆ, ನವೆಂಬರ್ 1ಕ್ಕೆ ಹತ್ತಿರವೇ. ಸುಮಾರು ಮೂವತ್ತು ಜನ. ಸಮೋಸಾ ತರಿಸಿಬಿಡೋಣ ಎನ್ನುತ್ತಾರೆ ನಮ್ಮವರು. ನನಗೆ ನಮ್ಮದೇ ಏನಾದರೂ ಕೊಡುವ ಆಸೆ.
– ಫ್ರಾಂಕ್‌ಫರ್ಟ್‌ನಿಂದ ಒಬ್ಬ ಓದುಗಿ

ನಿನ್ನ ಆಸೆಯೇ ಸರಿ ಕಣಮ್ಮ. ನಾನು ಮಾಡಿದ ತಪ್ಪು ಹೇಳುತ್ತೇನೆ. ಆಡಿಸ್ ಅಬಾಬಾದ ಮಕ್ಕಳ ಶಾಲೆಯೊಂದರಲ್ಲಿ ಇಂಥದ್ದೇ ದಿನವಿತ್ತು. ಮೊದಲ ವರ್ಷ ನಾವು ಹೋಟೆಲಿನಿಂದ ಸಮೋಸಾ ತರಿಸಿ, ಮೇಜಿನ ಮೇಲೆ ಜೋಡಿಸಿ, ಹೆಸರು ಬರೆದ ಚೀಟಿ ಇಟ್ಟು ಹಿಂದೆ ನಿಂತೆವು. ಜನ ಒಂದೊಂದು ಎತ್ತಿಕೊಂಡು ಮುಂದೆ ಹೋದರು. ಪಕ್ಕದಲ್ಲೇ ಒಬ್ಬ ತಾಯಿ ಜೆಬೆನ ಇಟ್ಟುಕೊಂಡು ಕೂತಿದ್ದರು, ಅವರ ಸುತ್ತ ಜಾತ್ರೆ. ಮರುವರ್ಷ ನಾನು ಚಾಪೆ ಹಾಸಿ, ಕಾವಲಿ ಇಟ್ಟು ದೋಸೆ ಹುಯ್ದೆ. ಕಾಯುವವರಿಗೆಲ್ಲ ಕೂರಲು ಹೇಳಿದೆ. ಮಕ್ಕಳ ಕೈಗೆ ಸೌಟು ಕೊಟ್ಟೆ. ಸಂಜೆ ಹಿಟ್ಟು ಸಾಲಲಿಲ್ಲ.

ನೀನು ಹೀಗೆ ಮಾಡು. ಕಚೇರಿಯಲ್ಲಿ ಒಲೆ ಹಚ್ಚಲು ಬಿಡುವುದಿಲ್ಲ, ಹೊಗೆ ಬಂದರೆ ಅಲಾರಂ ಹೊಡೆಯುತ್ತದೆ. ಹಾಗಾಗಿ ಚಿತ್ರಾನ್ನ ಮನೆಯಲ್ಲೇ ಮಾಡಿಕೋ. ಎರಡೂವರೆ ಕಿಲೋ ಅಕ್ಕಿ ಮೂವತ್ತು ಜನಕ್ಕೆ ಧಾರಾಳವಾಗುತ್ತದೆ, ಬೇರೆಯವರ ಊಟವೂ ಇರುತ್ತದಲ್ಲ. ಅನ್ನ ಉದುರಾಗಿರಲಿ, ಹಿಂದಿನ ರಾತ್ರಿಯೇ ಅಕ್ಕಿ ತೊಳೆದು ಬಸಿದಿಡಬೇಡ, ಮುರಿಯುತ್ತದೆ. ಖಾರ ಅರ್ಧ ಮಾಡು. ನಿಂಬೆಹಣ್ಣು ಮಾತ್ರ ಅಲ್ಲೇ, ಅವರ ಎದುರಿಗೇ ಹಿಂಡಿ ಕಲಸು. ಕಡಲೆಬೀಜ ಆಗದವರು ಅಲ್ಲಿ ಇರಬಹುದು, ಅದನ್ನು ಬೇರೆ ಬಟ್ಟಲಲ್ಲಿಡು. ಗೋಡಂಬಿ, ಸಾಸಿವೆಯೂ ಕೆಲವರಿಗೆ ಆಗದು, ಹಾಕಿದ್ದನ್ನೆಲ್ಲ ಬರೆದಿಡು.

ಸಿಹಿಗೆ ರಾಗಿ ಹುರಿಹಿಟ್ಟಿನ ಉಂಡೆ. ಬೆಲ್ಲ, ತುಪ್ಪ, ಏಲಕ್ಕಿ ಸಾಕು. ಊರಿಂದ ಯಾರಾದರೂ ಬರುವುದಿದ್ದರೆ ಹಿಟ್ಟು ತರಿಸಿಕೋ. ಇಲ್ಲದಿದ್ದರೆ ಅಲ್ಲಿ ಸಿಗುವ ರಾಗಿ ಹಿಟ್ಟನ್ನೇ ಸಣ್ಣ ಉರಿಯಲ್ಲಿ ಘಮ ಬರುವ ತನಕ ಹುರಿ, ಹಸಿ ವಾಸನೆ ಪೂರ್ತಿ ಹೋಗಬೇಕು. ಅರವತ್ತು ಉಂಡೆ ಕಟ್ಟು. ಇಥಿಯೋಪಿಯಾದವರು ಯಾರಾದರೂ ನಿಮ್ಮ ಕಚೇರಿಯಲ್ಲಿದ್ದರೆ ಮೊದಲ ಉಂಡೆ ಅವರಿಗೆ ಕೊಟ್ಟು "ದಾಗುಸ್ಸ" ಅಂತ ಹೇಳು.

ಕಾಫಿಗೆ ಎರಡು ಸ್ಟೀಲ್ ಫಿಲ್ಟರ್ ತೆಗೆದುಕೊಂಡು ಹೋಗು. ಬಿಸಿನೀರು ಕಚೇರಿಯಲ್ಲೇ ಸಿಗುತ್ತದೆ. ಎಲ್ಲರ ಎದುರಿಗೆ ಪುಡಿ ಹಾಕಿ ಒತ್ತಿ, ನೀರು ಸುರಿದು, ಇಳಿಯಲು ಬಿಡು. ಅದು ಇಳಿಯುವುದು ನಿಧಾನ, ಅಷ್ಟು ಹೊತ್ತು ಯಾರೂ ಎದ್ದು ಹೋಗುವುದಿಲ್ಲ. ಜರ್ಮನಿಯವರೂ ನಮ್ಮ ಕಾಫಿ ಬೀಜವನ್ನು ಬಹಳ ಕೊಳ್ಳುತ್ತಾರೆ, ಆದರೆ ಕುಡಿಯುವವರಿಗೆ ಗೊತ್ತಿರುವುದಿಲ್ಲ. ಬೀಜ ಯಾವ ಊರಿನದು ಎಂದು ಆಗ ಹೇಳು. ಸಕಲೇಶಪುರದ ಪುಡಿ ಬೇಕಿದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆ, ತಂಗಿಗೆ ಹೇಳಿ ಅರ್ಧ ಕಿಲೋ ಕಳಿಸಿಕೊಡುತ್ತೇನೆ. ಲೋಟ, ಡಬರಿ ಮೂವತ್ತು ಒಯ್ಯಲು ಆಗುವುದಿಲ್ಲ, ಆರು ಜೊತೆ ಒಯ್ದರೂ ಸಾಕು, ತೊಳೆದು ತೊಳೆದು ಕೊಡು.